ಟ್ಯಾಂಕ್ ಎಂದು ಬರೆಯುವ ಮುನ್ನ

ಕೋಲಾರ

ಪ್ರೀತಿಯ ತಮ್ಮ,

ನೀನು ಬರೆದ ಕತೆ ಓದಿದೆ. ಅಜ್ಜಿಯ ಪಾತ್ರ ಚೆನ್ನಾಗಿ ಕೂತಿದೆ. ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. “ಟ್ಯಾಂಕ್ ಬಂಡ್ ಮೇಲೆ ಹೋಗಬೇಡ ಮಗಾ” ಅನ್ನುತ್ತಾಳಲ್ಲ, ಮುಳಬಾಗಿಲು ಕಡೆಯ ಆ ವಯಸ್ಸಿನ ಹೆಣ್ಣುಮಗಳ ಬಾಯಲ್ಲಿ ಅದು ಬರುವುದಿಲ್ಲ. “ಕೆರೆ ಕಟ್ಟೆ ಮೇಲಕ್ಕೋಗ್ಬೇಡ” ಅಂತಾಳೆ. ಓದಿ ನೋಡು, ದನಿಯೇ ಬೇರೆ.

ಹಾಗಂತ ಟ್ಯಾಂಕ್ ಪದದ ಮೇಲೆ ನನಗೇನೂ ಸಿಟ್ಟಿಲ್ಲ, ಬಹಳ ಪ್ರೀತಿಯಿದೆ. ಇಂಗ್ಲಿಷಿಗೆ ಅದು ಹೋದದ್ದೇ ನಮ್ಮ ದೇಶದಿಂದ. 17ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಇಂಗ್ಲಿಷರು ನೀರು ಕೂಡಿಡುವ ಕೊಳ, ಕೆರೆಗಳಿಗೆ ಹಾಗೆನ್ನತೊಡಗಿದರು. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಇರುವ ಟಾಂಕು, ಟಾಂಕೆ ಅದರ ಮೂಲ ಅನ್ನುತ್ತವೆ ನಿಘಂಟುಗಳು. ಪೋರ್ಚುಗೀಸರ ‘ತಾಂಕೆ’ಯ ಪ್ರಭಾವವನ್ನೂ ಸೇರಿಸುತ್ತವೆ. ಯಾವುದೋ ಒಂದನ್ನು ಹಿಡಿದು “ಇದೇ ಮೂಲ” ಎಂದು ನೀನು ಮೇಜು ಗುದ್ದಬೇಡ. ಪದಗಳಿಗೆ ಎರಡು ತವರು ಇರಬಹುದು. ಮುಂದೆ ಮೈಸೂರು ಸಂಸ್ಥಾನದ ಇಂಗ್ಲಿಷ್ ಕಡತಗಳಲ್ಲಿ ನಮ್ಮ ಕೆರೆಗಳೆಲ್ಲ ಟ್ಯಾಂಕ್ ಆದವು. ನಿನ್ನ ಬಂಡ್ ಬಂದದ್ದೂ ಅಂಥ ಕಡತದಿಂದಲೇ.

ಯುದ್ಧದ ಟ್ಯಾಂಕಿನ ಕತೆ ಇನ್ನೂ ಸೊಗಸು. 1915ರಲ್ಲಿ ಬ್ರಿಟಿಷರು ಉಕ್ಕಿನ ಕವಚದ ಹೊಸ ಗಾಡಿಯನ್ನು ಗುಟ್ಟಾಗಿ ಕಟ್ಟುತ್ತಿದ್ದರು. ಶತ್ರುವಿಗೆ ಸುಳಿವು ಸಿಗಬಾರದೆಂದು ಅದನ್ನು ನೀರಿನ ಟ್ಯಾಂಕ್ ಎಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗಕ್ಕೆ ಅದು ಇಳಿದ ಮೇಲೆ ಗುಟ್ಟು ಉಳಿಯಲಿಲ್ಲ, ಮರೆಮಾಚಲು ಇಟ್ಟ ಹೆಸರು ಉಳಿಯಿತು. ಹೊಲಕ್ಕೆ ನೀರುಣಿಸುವುದಕ್ಕೂ ಊರು ಸುಡುವುದಕ್ಕೂ ಒಂದೇ ಪದವಾಯಿತಲ್ಲ, ಅದು ಈಗಲೂ ನನ್ನನ್ನು ಕಾಡುತ್ತದೆ. ಹುಡುಗರು ಹಾಕುವ ಟ್ಯಾಂಕ್ ಟಾಪ್ ಬಂದದ್ದು ಈಜುಕೊಳದ ಉಡುಪಿನಿಂದ. ಆಟದಲ್ಲಿ ಬೇಕೆಂದೇ ಸೋಲುವುದಕ್ಕೂ ಅಮೆರಿಕದವರು ಇದೇ ಪದ ಬಳಸುತ್ತಾರೆ. ಅವು ನಿನ್ನ ಕತೆಗೆ ಬೇಡ.

ನಿನಗೆ ಬೇಕಾದದ್ದು ಯಾರ ಬಾಯಲ್ಲಿ ಯಾವ ಪದ ಅನ್ನುವುದು. ಸೊಸೆ ಬಿಂದಿಗೆ ಸಾಲಾಗಿಟ್ಟು ಟ್ಯಾಂಕರ್‌ಗೆ ಕಾಯುವ ಭಾಗದಲ್ಲಿ ‘ನೀರಿನ ವಾಹನ’ ಎಂದು ತಿದ್ದಿದ್ದೀಯ. ತೆಗೆದುಹಾಕು. ಟ್ಯಾಂಕರ್ ನಮ್ಮ ಜಿಲ್ಲೆಯ ಕನ್ನಡ. ಬೋರ್‌ವೆಲ್ ಬತ್ತಿದ ಮನೆಯಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ಮಹಡಿ ಮೇಲಿನ ಸಿಂಟೆಕ್ಸೂ ಹಾಗೇ ಇರಲಿ.

ಇನ್ನೊಂದು. ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀಯ. ಬೆಂಗಳೂರಿನ ಕೊಳಚೆ ಸಂಸ್ಕರಣೆಯಾಗಿ 2018ರಲ್ಲಿ ಮೊದಲು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಿತ್ತಲ್ಲ, ಅಲ್ಲಿ ನಿನ್ನ ಅಜ್ಜಿಯನ್ನೂ ಎಂಜಿನಿಯರನ್ನೂ ಎದುರುಬದುರು ನಿಲ್ಲಿಸು. ಅವನು “ಟ್ಯಾಂಕ್ ಫುಲ್ ಆಯ್ತಮ್ಮ” ಅನ್ನಲಿ. ಅವಳು “ಕೆರೆ ಕೋಡಿ ಬಿತ್ತಾ?” ಎಂದು ಕೇಳಲಿ. ನೀರು ಒಂದೇ, ಅವರಿಬ್ಬರಿಗೂ ಕಾಣುವುದು ಬೇರೆ ಬೇರೆ. ನೀನು ಮಧ್ಯೆ ಬಾಯಿ ಹಾಕಿ ವಿವರಿಸಬೇಡ.

ಆ ದೃಶ್ಯ ಬರೆಯುವ ಮೊದಲು ನಿಮ್ಮೂರಲ್ಲಿ ಕೆರೆ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ಕೆಲಸ ಮಾಡಿದ ಮನೆಯವರು ಯಾರಾದರೂ ಇದ್ದರೆ ಹೋಗಿ ಕೂರು. ತೂಬು ಎತ್ತುವಾಗ ಏನು ಹೇಳುತ್ತಿದ್ದರು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಯಾವ ಹೊತ್ತಿಗೆ ನೀರು ಮುಟ್ಟುತ್ತಿತ್ತು, ಕೇಳಿ ಬರೆದುಕೊ. ಯುಗಾದಿಯೊಳಗೆ ತಿದ್ದಿದ ಪ್ರತಿ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಣ್ಣ