ನಮ್ಮ ಥ್ರಿಲ್ಲರಿಗೆ ಲೆಕ್ಕ ಕಲಿಸಿದವರಿಗೆ ಕೃತಜ್ಞತೆಗಳು

ಮೈಸೂರಿನಲ್ಲಿ ದೃಶ್ಯ ಸಂವಹನ ಓದುತ್ತಿರುವ ನಾವು ಅಂತಿಮ ವರ್ಷದ ಕೆಲಸವಾಗಿ ಮಾಡಿದ ಥ್ರಿಲ್ಲರ್ ಕಿರುಚಿತ್ರ ಕಳೆದ ವಾರ ವಿಭಾಗದ ಸಭಾಂಗಣದಲ್ಲಿ ಮೊದಲ ಪ್ರದರ್ಶನ ಕಂಡಿತು. ಪರೀಕ್ಷಕರು ಒಪ್ಪಿದ್ದಾರೆ, ನೋಡಿದವರು ಕೂರಬೇಕಾದ ಕಡೆ ಕುರ್ಚಿಯ ತುದಿಗೇ ಕೂತಿದ್ದಾರೆ. ನಿರ್ದೇಶಕಿಯಾಗಿ ನನಗೆ ಸಂದ ಅಭಿನಂದನೆಗಳಲ್ಲಿ ಬಹುಪಾಲು ನಿಜವಾಗಿ ಸಲ್ಲಬೇಕಾದದ್ದು ಸಿನಿಮಾಕ್ಕೂ ತಮಗೂ ಯಾವ ಸಂಬಂಧವೂ ಇಲ್ಲವೆಂದು ನಂಬಿರುವ ಕೆಲವರಿಗೆ. ಅವರ ಹೆಸರುಗಳು ಚಿತ್ರದ ಕೊನೆಯಲ್ಲಿ ಬರುತ್ತವೆ. ಆದರೆ ತೆರೆಯ ಮೇಲೆ ಕ್ಷಣಮಾತ್ರ ನಿಂತು ಸರಿದುಹೋಗುವ ಹೆಸರಿನಿಂದ ಆ ಹೆಸರಿನವರು ಏನು ಮಾಡಿದರೆಂಬುದು ಯಾರಿಗೂ ತಿಳಿಯುವುದಿಲ್ಲ. ಅಂತರ್ಜಾಲದಲ್ಲಿ ತಮ್ಮ ಹೆಸರು ಹಾಕುವುದು ಬೇಡವೆಂದು ಹಲವರು ಹೇಳಿರುವುದರಿಂದ, ಇಲ್ಲಿ ಹೆಸರು ಬಿಟ್ಟು ಕೆಲಸವನ್ನಷ್ಟೇ ಹೇಳುತ್ತೇನೆ.

ನಮ್ಮ ಕಥೆ ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಅಕ್ಕಿ ಗಿರಣಿಯಲ್ಲಿ ಒಂದೇ ರಾತ್ರಿ ನಡೆಯುತ್ತದೆ. ಲೆಕ್ಕ ಬರೆಯಲು ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಗಿರಣಿಯ ಪುಸ್ತಕದಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಾಗುತ್ತದೆ. ಅವಳಿಗೆ ಗೊತ್ತಾಗಿದೆ ಎಂಬುದು ಇನ್ನೊಬ್ಬನಿಗೂ ಗೊತ್ತಾಗುತ್ತದೆ. ಆ "ಏನೋ" ಏನು ಎಂಬುದು ನಾವು ಬರೆದ ಮೊದಲ ಪ್ರತಿಯಲ್ಲಿ ಇರಲಿಲ್ಲ. ಬಚ್ಚಿಟ್ಟ ಎರಡನೆಯ ಲೆಕ್ಕದ ಪುಸ್ತಕವೊಂದು ಸಿಕ್ಕರೆ ಸಾಕು ಎಂಬಷ್ಟಕ್ಕೆ ಅದು ನಿಂತಿತ್ತು.

ಅದನ್ನು ತುಂಬಿಕೊಟ್ಟವರು ಮದ್ದೂರಿನ ಕಡೆಯ ಗಿರಣಿಗಳಲ್ಲಿ ಬದುಕಿನುದ್ದಕ್ಕೂ ಗುಮಾಸ್ತೆಯಾಗಿದ್ದು ಈಗ ವಿಶ್ರಾಂತಿಯಲ್ಲಿರುವ ಒಬ್ಬ ಹಿರಿಯರು. ಸರ್ಕಾರ ಬೆಂಬಲ ಬೆಲೆಗೆ ಕೊಂಡ ಭತ್ತವನ್ನು ಗಿರಣಿಗಳಿಗೆ ಕೊಟ್ಟು ಅಕ್ಕಿ ಮಾಡಿಸಿಕೊಳ್ಳುವಾಗ, 100 ಕ್ವಿಂಟಾಲ್ ಭತ್ತಕ್ಕೆ ಬೇಯಿಸದ ಅಕ್ಕಿಯಾದರೆ 67 ಕ್ವಿಂಟಾಲ್, ಕುಸುಬಲಕ್ಕಿಯಾದರೆ 68 ಕ್ವಿಂಟಾಲ್ ಹಿಂದಿರುಗಿಸಬೇಕೆಂಬ ಲೆಕ್ಕವನ್ನು ಅವರು ನಮಗೆ ಮೊದಲು ಹೇಳಿಕೊಟ್ಟರು. ಭತ್ತವನ್ನೇ ತರಿಸದೆ, ಎಲ್ಲಿಂದಲೋ ಬಂದ ಅಕ್ಕಿಯನ್ನು ತಾನೇ ಅರೆದದ್ದೆಂದು ತೋರಿಸುವವನು ಈ 67ನ್ನು ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದಿಡುತ್ತಾನೆ, ಆದ್ದರಿಂದ ಪುಸ್ತಕ ನೋಡಿ ಅವನನ್ನು ಹಿಡಿಯಲಾಗದು ಎಂದರು. ಹಾಗಾದರೆ ನಮ್ಮ ಹುಡುಗಿ ಹಿಡಿಯುವುದು ಹೇಗೆ ಎಂದು ಕೇಳಿದಾಗ ಅವರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಹೇಳಿದ್ದು ಇಷ್ಟು: "ಬುಕ್ಕಲ್ಲಿ ಅಕ್ಕಿ ಬರೀಬೋದು ಕಣವ್ವ, ಹೊಟ್ಟು ಎಲ್ಲಿಂದ ತತ್ತಾನೆ?"

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಬರಿಯ ಹೊಟ್ಟು. ಸಾವಿರ ಕ್ವಿಂಟಾಲ್ ಅರೆದಿದ್ದರೆ ಗಿರಣಿಯ ಹಿಂದೆ ಇನ್ನೂರು ಕ್ವಿಂಟಾಲಿನ ಗುಡ್ಡೆ ಬಿದ್ದಿರಬೇಕು, ಇಲ್ಲವೇ ಅದನ್ನು ಇಟ್ಟಿಗೆ ಗೂಡಿಗೋ ಬಾಯ್ಲರಿಗೋ ಕೊಂಡೊಯ್ದ ಲಾರಿಯ ಚೀಟಿ ಇರಬೇಕು. ಎರಡೂ ಇಲ್ಲದ ಖಾಲಿ ಹಿತ್ತಲೇ ನಮ್ಮ ಚಿತ್ರದ ಸಾಕ್ಷಿಯಾಯಿತು. ಒಂದು ಮಾತೂ ಇಲ್ಲದೆ, ಕೈಯಲ್ಲಿ ಟಾರ್ಚು ಹಿಡಿದ ಹುಡುಗಿ ಏನೂ ಬಿದ್ದಿರದ ನೆಲವನ್ನು ನೋಡುತ್ತಾಳೆ, ಪ್ರೇಕ್ಷಕರಿಗೆ ಎಲ್ಲವೂ ತಿಳಿಯುತ್ತದೆ. ನಾನು ಎಷ್ಟು ಓದಿದ್ದರೂ ಆ ಖಾಲಿ ನೆಲ ನನಗೆ ಹೊಳೆಯುತ್ತಿರಲಿಲ್ಲ. ಆ ಹಿರಿಯರಿಗೆ ನನ್ನ ಮೊದಲ ನಮಸ್ಕಾರ.

ತರಗತಿಯಲ್ಲಿ ನಮಗೆ ಎಲ್ಲರಿಗೂ ಹೇಳಿಕೊಡುವ ಉದಾಹರಣೆಯೊಂದಿದೆ. ಥ್ರಿಲ್ಲರುಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊ ಅವರೊಡನೆ ನಡೆಸಿದ ದೀರ್ಘ ಮಾತುಕತೆಯಲ್ಲಿ ಬರುವ, ಮೇಜಿನ ಅಡಿಯ ಬಾಂಬಿನ ಮಾತು ಅದು: ಬಾಂಬು ಇದೆಯೆಂದು ತಿಳಿಸದೆ ಸಿಡಿಸಿದರೆ ಪ್ರೇಕ್ಷಕ 15 ಸೆಕೆಂಡು ಬೆಚ್ಚುತ್ತಾನೆ, ಮೊದಲೇ ತಿಳಿಸಿದರೆ 15 ನಿಮಿಷ ಉಸಿರು ಬಿಗಿಹಿಡಿಯುತ್ತಾನೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವುದು ಸುಲಭ. ಆದರೆ ನಮ್ಮ ಕಥೆಯಲ್ಲಿ ಬಾಂಬೂ ಇಲ್ಲ, ಮೇಜೂ ಇಲ್ಲ. ಪ್ರೇಕ್ಷಕರಿಗೆ ಮೊದಲೇ ತಿಳಿಸಬೇಕಾದ ಆ ಒಂದು ಸಂಗತಿ ಯಾವುದು ಎಂಬುದನ್ನು ಯಾವ ಪಠ್ಯವೂ ಹೇಳುವುದಿಲ್ಲ. ಅದನ್ನು ಹೇಳಿದವರು ಗಿರಣಿಯ ಫಿಟ್ಟರ್ ಅಣ್ಣ.

ನಾವು ಚಿತ್ರೀಕರಿಸಿದ ಗಿರಣಿ ಹಳೆಯ ಮಾದರಿಯದು. ಗೋಡೆಯುದ್ದಕ್ಕೂ ಹಾದಿರುವ ಒಂದೇ ಶಾಫ್ಟನ್ನು ಮೋಟಾರು ತಿರುಗಿಸುತ್ತದೆ. ಭತ್ತ ಸುಲಿಯುವ ಯಂತ್ರ, ಪಾಲಿಶ್ ಯಂತ್ರ, ಧಾನ್ಯವನ್ನು ಮೇಲಕ್ಕೆತ್ತುವ ಎಲಿವೇಟರ್ ಎಲ್ಲವೂ ಆ ಶಾಫ್ಟಿನಿಂದ ಇಳಿದ ಅಗಲವಾದ ಬೆಲ್ಟುಗಳಿಂದ ನಡೆಯುತ್ತವೆ. ಮೊದಲ ಭೇಟಿಯಲ್ಲೇ ಫಿಟ್ಟರ್ ಅಣ್ಣ ಯಂತ್ರವನ್ನು ಓಡಿಸಿ, ಸ್ವಿಚ್ ಆರಿಸಿ, ಮುಂದೆ ಹೆಜ್ಜೆ ಇಟ್ಟ ನಮ್ಮ ಛಾಯಾಗ್ರಾಹಕನ ಎದೆಗೆ ಕೈ ಅಡ್ಡ ಇಟ್ಟು ನಿಲ್ಲಿಸಿದರು. "ಕರೆಂಟು ತೆಗುದ್ರೂ ಚಕ್ರ ಒಸಿ ಹೊತ್ತು ತಿರುಗ್ತಾನೇ ಇರ್ತದೆ ಕಣಪ್ಪಾ. ಕೈ ಕಳ್ಕೊಳ್ಳೋರೆಲ್ಲಾ ಕಳ್ಕೊಳ್ಳೋದು ಆಗ್ಲೇಯ" ಎಂದರು. ಗಾಲಿ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ತನ್ನ ಭಾರಕ್ಕೆ ತಾನೇ ತಿರುಗುತ್ತಿತ್ತು. ಸದ್ದು ಮೆಲ್ಲಮೆಲ್ಲಗೆ ಇಳಿದು, ಕೊನೆಗೆ ಬೆಲ್ಟಿನ ಜೋಡಣೆಯ ಕೊಂಡಿ ಪುಲ್ಲಿಯನ್ನು ದಾಟುವ ಒಂದೊಂದೇ ಟಪ್ ಎಂಬ ಶಬ್ದ ಉಳಿಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಂತ್ರದ ಸದ್ದಿನಲ್ಲಿ ಹೆಜ್ಜೆಯ ಸದ್ದು ಕೇಳಿಸದು. ಯಂತ್ರ ಆರಿದ ಮೇಲೂ ಅಷ್ಟು ಹೊತ್ತು ಕೇಳಿಸದು. ಚಿತ್ರದ ಮೊದಲ ಭಾಗದಲ್ಲಿ ಹುಡುಗಿಗೆ ಫಿಟ್ಟರ್ ಒಬ್ಬ ಇದೇ ಎಚ್ಚರಿಕೆ ಕೊಡುತ್ತಾನೆ, ಕೊನೆಯ ಭಾಗದಲ್ಲಿ ಅವಳು ತಾನೇ ಸ್ವಿಚ್ ಆರಿಸಿ, ಗಾಲಿ ನಿಲ್ಲುವುದರೊಳಗೆ ಬಾಗಿಲು ಮುಟ್ಟಬೇಕು. ಎಷ್ಟು ಹೊತ್ತಿದೆ ಎಂಬುದು ಪ್ರೇಕ್ಷಕರಿಗೆ ಗೊತ್ತು. ಪ್ರದರ್ಶನದ ದಿನ ಸಭಾಂಗಣದಲ್ಲಿ ಕೆಮ್ಮು ಸಹ ನಿಂತದ್ದು ಆ ಅರ್ಧ ನಿಮಿಷದಲ್ಲಿ.

ಗಾಲಿ ತಿರುಗುವ ಯಾವ ಶಾಟಿನಲ್ಲೂ ನಟಿ ನಿಜವಾಗಿ ಆ ಕೋಣೆಯಲ್ಲಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುವುದು ಅಗತ್ಯ. ಗಾಲಿಯನ್ನು ಬೇರೆಯಾಗಿ ಚಿತ್ರಿಸಿ, ಆಮೇಲೆ ಯಂತ್ರವನ್ನು ಪೂರ್ತಿ ನಿಲ್ಲಿಸಿ ಅವಳನ್ನು ಚಿತ್ರಿಸಿದೆವು. ಪ್ರತಿ ಸಲವೂ ಫಿಟ್ಟರ್ ಅಣ್ಣ ಫ್ಯೂಸುಗಳನ್ನು ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಗುಂಡಿಯನ್ನೂ ಹಾಕಿದ ಮೇಲೆಯೇ "ಈಗ ಹೋಗ್ರಿ" ಎನ್ನುತ್ತಿದ್ದರು. ವಿದ್ಯಾರ್ಥಿ ಚಿತ್ರತಂಡಗಳಲ್ಲಿ ಸುರಕ್ಷತೆಗೆಂದು ಬೇರೆ ಮನುಷ್ಯ ಇರುವುದು ಅಪರೂಪ. ನಮಗೆ ಕೇಳದೆಯೇ ಒಬ್ಬರು ಸಿಕ್ಕಿದ್ದರು.

ಗಿರಣಿಯ ಯಜಮಾನರು ಸುಗ್ಗಿಗೆ ಮುಂಚೆ ಯಂತ್ರ ನಿಂತಿದ್ದ ದಿನಗಳಲ್ಲಿ ಜಾಗವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಕಳ್ಳ ಲೆಕ್ಕದ ಕಥೆಗೆ ತಮ್ಮ ಗಿರಣಿಯನ್ನೇ ಕೊಡುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಅವರು ಮೊದಲು ಕೇಳಿದ್ದು ಬೋರ್ಡಿಗೆ ಗೋಣಿ ಮುಚ್ಚಿ ಎಂಬುದನ್ನು. ಅವರ ಇನ್ನೊಂದು ಷರತ್ತು ಚಿತ್ರದ ನೋಟವನ್ನೇ ಬದಲಿಸಿತು. ತೌಡು ಮತ್ತು ಹೊಟ್ಟಿನ ದೂಳು ಬೆಂಕಿ ಹತ್ತುವಂಥದ್ದಾದ್ದರಿಂದ ಒಳಗೆ ಬೆಂಕಿಯ ಕಿಡಿಯೂ ಬರಬಾರದು, ಸಾಂಬ್ರಾಣಿ ಹೊಗೆಯೂ ಬೇಡ ಎಂದರು. ಬೆಳಕಿನ ಕೋಲು ಕಾಣಲು ಹೊಗೆ ಬೇಕೆಂದು ಹಟ ಹಿಡಿದಿದ್ದ ನಾವು, ಹೆಚ್ಚು ಬಿಸಿಯಾಗದ ಎಲ್‌ಇಡಿ ದೀಪಗಳನ್ನು ಬಳಸಿ, ಉಳಿದದ್ದನ್ನು ಗಿರಣಿಯಲ್ಲೇ ಇದ್ದ ಹಳೆಯ ಟ್ಯೂಬ್‌ಲೈಟುಗಳಿಗೆ ಬಿಟ್ಟೆವು.

ಆ ಟ್ಯೂಬ್‌ಲೈಟುಗಳ ವಿಷಯದಲ್ಲಿ ಮೈಸೂರಿನಲ್ಲಿ ನಮಗೆ ಲೆನ್ಸು ಬಾಡಿಗೆ ಕೊಟ್ಟ ಅಂಗಡಿಯವರ ಉಪಕಾರ ದೊಡ್ಡದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಪ್ರತಿ ಫ್ರೇಮಿಗೂ ಬೆಳಕು ಬಿಡುವ ಶಟರ್ ಅದಕ್ಕೆ ಹೊಂದದಿದ್ದರೆ ಕ್ಯಾಮೆರಾಕ್ಕೆ ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮುಗಳಲ್ಲಿ ಚಿತ್ರಿಸುವವರು ಶಟರನ್ನು 1/50 ಸೆಕೆಂಡಿಗೆ, ಅಂದರೆ ಕೋನದಲ್ಲಿ 172.8 ಡಿಗ್ರಿಗೆ ಇಡಬೇಕು ಎಂದು ಅವರು ಬಿಲ್ಲಿನ ಹಿಂಭಾಗದಲ್ಲೇ ಬರೆದುಕೊಟ್ಟರು. ಆ ಬಿಲ್ಲು ಚಿತ್ರೀಕರಣ ಮುಗಿಯುವವರೆಗೂ ಕ್ಯಾಮೆರಾ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಕೊಂಡಿತ್ತು.

ರಾತ್ರಿ ಹೆಣ್ಣುಮಗಳೊಬ್ಬಳು ಕಿರುಚುವ ದೃಶ್ಯವಿರುವ ಚಿತ್ರವನ್ನು ಊರಿನ ಅಂಚಿನಲ್ಲಿ ತೆಗೆಯುವವರು ಊರಿಗೆ ಮೊದಲು ತಿಳಿಸಬೇಕು. ಠಾಣೆಗೆ ಪತ್ರ ಕೊಟ್ಟು, ಚಿತ್ರದಲ್ಲಿ ಬಳಸುವ ಮರದ ಮಚ್ಚನ್ನು ತೋರಿಸಿ ಬಂದೆವು. ಆದರೆ ಊರಿಗೆ ತಿಳಿಸುವ ದಾರಿ ಹೇಳಿಕೊಟ್ಟವರು ಹಾಲಿನ ಡೈರಿಯ ಕಾರ್ಯದರ್ಶಿಗಳು. ಬೆಳಿಗ್ಗೆ ಸಂಜೆ ಪ್ರತಿ ಮನೆಯಿಂದ ಒಬ್ಬರಾದರೂ ಕ್ಯಾನು ಹಿಡಿದು ನಿಲ್ಲುವ ಸಾಲು ಅದು. ಅಲ್ಲಿ ಅವರು ಎರಡು ಹೊತ್ತು ಹೇಳಿದ ಮಾತು ಯಾವ ಕರಪತ್ರಕ್ಕಿಂತಲೂ ಚೆನ್ನಾಗಿ ಮುಟ್ಟಿತು. ಕಬ್ಬಿನ ಟ್ರ್ಯಾಕ್ಟರಿನವರೂ ಗಿರಣಿಯ ಹತ್ತಿರ ಬಂದಾಗ ಹಾಡು ನಿಲ್ಲಿಸಿ ಸಾಗಿದರು, ಇದು ಸಣ್ಣ ತ್ಯಾಗವಲ್ಲ. ಕರೆಂಟಿನ ಸರದಿ ತಿಳಿಸಿ ನಮ್ಮ ವೈರುಗಳನ್ನು ಪರೀಕ್ಷಿಸಿಕೊಟ್ಟ ಲೈನ್‌ಮನ್ ಅಣ್ಣನಿಗೂ, ನಡುರಾತ್ರಿ ಬಿಸಿ ಉಪ್ಸಾರು ಮುದ್ದೆ ಬಡಿಸಿದ ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೂ ನಾವು ಋಣಿಗಳು.

ನಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮೈಸೂರಿನ ಹವ್ಯಾಸಿ ರಂಗತಂಡದಲ್ಲಿ ಬೆಳೆದ ಅವರು ತಾಲೀಮಿನ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ಹೆದರು ಅಂತ ಹೇಳಬೇಡ, ಆಗ ನಾನು ಏನು ಹುಡುಕುತ್ತಿದ್ದೇನೆ ಅಂತ ಹೇಳು" ಎಂದರು. ಅಂದಿನಿಂದ ಪ್ರತಿ ಶಾಟಿಗೂ ಅವರಿಗೆ ಒಂದು ಕೆಲಸ ಕೊಡುವುದು ನನ್ನ ಹೊಣೆಯಾಯಿತು: ಚೀಲ ಎಣಿಸುವುದು, ಚೀಟಿಯ ತಾರೀಖನ್ನು ಪುಸ್ತಕದ ತಾರೀಖಿನೊಡನೆ ಹೋಲಿಸುವುದು, ಬೀಗದ ಕೈಗಳಲ್ಲಿ ಸರಿಯಾದದ್ದನ್ನು ಹುಡುಕುವುದು. ಹೆಜ್ಜೆಯ ಸದ್ದು ಕೇಳಿದಾಗ ಅವರ ಬೆರಳು ಹದಿನೇಳನೆಯ ಚೀಲದ ಮೇಲೆ ನಿಲ್ಲುತ್ತದೆ, ಆಮೇಲೆ ಹದಿನೆಂಟನೆಯ ಚೀಲಕ್ಕೆ ಹೋಗುತ್ತದೆ. ಲೆಕ್ಕ ತಪ್ಪದಿರಲೆಂಬ ಆ ಹಟದಲ್ಲಿ ಎಷ್ಟು ಭಯವಿದೆಯೋ ಅಷ್ಟು ಭಯವನ್ನು ಅಗಲಿಸಿದ ಕಣ್ಣುಗಳು ತರಲಾರವು ಎಂಬುದು ನನ್ನ ಅಭಿಪ್ರಾಯ.

ಧ್ವನಿಯ ಹೊಣೆ ಹೊತ್ತ ಸಹಪಾಠಿ ಎಲ್ಲರೂ ಮಲಗಿದ ಮೇಲೆ ಖಾಲಿ ಗಿರಣಿಯಲ್ಲಿ ಒಬ್ಬನೇ ಕೂತು ಅಲ್ಲಿನ ಮೌನವನ್ನು ಮುದ್ರಿಸಿಕೊಂಡ. ಹಗಲೆಲ್ಲ ಕಾದ ತಗಡಿನ ಚಾವಣಿ ರಾತ್ರಿ ತಣಿಯುತ್ತಾ ಅಲ್ಲಲ್ಲಿ ಟಕ್ಕೆನ್ನುತ್ತದೆ. ಹೆಗ್ಗಣಗಳ ಓಡಾಟವಿದೆ, ದೂರದಲ್ಲಿ ನಾಲೆಯ ತೂಬಿನ ನೀರಿದೆ. ಸಂಗೀತ ಬೇಕೇ ಬೇಕು ಎನ್ನುತ್ತಿದ್ದ ನಮ್ಮ ತಂಡ ಈ ಧ್ವನಿಮುದ್ರಿಕೆಯನ್ನು ಕೇಳಿ ಕೊನೆಯ ಭಾಗದಿಂದ ಸಂಗೀತವನ್ನೇ ತೆಗೆಯಿತು. ಹೊಟ್ಟಿನ ಮೇಲಿನ ಹೆಜ್ಜೆಗಳನ್ನು ಮಾತ್ರ ಒಂದು ಚೀಲ ಹೊಟ್ಟು ತಂದು ಕಾಲೇಜಿನ ಕೋಣೆಯಲ್ಲಿ ಮತ್ತೆ ಮುದ್ರಿಸಬೇಕಾಯಿತು. ಆ ಕೋಣೆ ಗುಡಿಸುವ ಅಮ್ಮನವರ ತಾಳ್ಮೆಗೆ ಪ್ರತ್ಯೇಕ ವಂದನೆ.

ಸಂಕಲನ ಕಲಿಸುವ ಮೇಷ್ಟ್ರು ಚಿತ್ರದ ಕರಡನ್ನು ಮೊದಲು ಧ್ವನಿಯಿಲ್ಲದೆ ನೋಡಿ, ಹುಡುಗಿ ಎಲ್ಲಿದ್ದಾಳೆ, ಬಾಗಿಲು ಯಾವ ಕಡೆಗಿದೆ ಎಂದು ತಮಗೆ ತಿಳಿಯದೆಡೆಯಲ್ಲೆಲ್ಲ ಮೇಜು ತಟ್ಟುತ್ತಿದ್ದರು. ಮೇಜಿನ ಸದ್ದು ಕಡಿಮೆಯಾದಂತೆ ಚಿತ್ರದ ಬಿಗಿ ಹೆಚ್ಚಿತು. ಗಾಲಿ ನಿಲ್ಲುವ ಅವಧಿಯನ್ನು ಕತ್ತರಿಸದೆ ಪೂರ್ತಿ ಉಳಿಸಿಕೊಳ್ಳಲು ಒತ್ತಾಯಿಸಿದವರೂ ಅವರೇ. ಆಮೇಲೆ ಹಾಸ್ಟೆಲಿನಲ್ಲಿ ಬೇರೆಬೇರೆ ವಿಭಾಗದವರಿಗೆ ತೋರಿಸಿದಾಗ, ಹೊಟ್ಟಿನ ಲೆಕ್ಕ ಬಿ.ಕಾಂ. ಓದುವವರಿಗೂ ರೈತರ ಮಕ್ಕಳಿಗೂ ಒಂದೇ ಸಲಕ್ಕೆ ತಿಳಿಯಿತು. ಉಳಿದವರಿಗಾಗಿ ಹೊಟ್ಟು ತುಂಬಿದ ಲಾರಿಯೊಂದು ಹಾದುಹೋಗುವ ಶಾಟನ್ನು ಆರಂಭದಲ್ಲಿ ಸೇರಿಸಿದೆವು. ಹಾಸ್ಟೆಲಿನವರ ನಿಷ್ಠುರ ಮಾತುಗಳಿಗೆ ಧನ್ಯವಾದ.

ಹಣ ಕೊಟ್ಟ ಮನೆಯವರಿಗೆ, ಸ್ನೇಹಿತರಿಗೆ ಖರ್ಚಿನ ವಿವರವನ್ನು ಬೇರೆಯಾಗಿ ಕಳುಹಿಸುತ್ತಿದ್ದೇವೆ. ಚಿತ್ರದ ವಿಷಯವೇ ಲೆಕ್ಕವಾಗಿರುವಾಗ ಅಲ್ಲಿ ಸಡಿಲ ಬಿಡುವಂತಿಲ್ಲ. ಗಿರಣಿಯಲ್ಲಿ ಮುದ್ರಿಸಿದ ಎಲ್ಲ ಧ್ವನಿಗಳನ್ನು ವಿಭಾಗದ ಸಂಗ್ರಹಕ್ಕೆ ಕೊಟ್ಟಿದ್ದೇವೆ, ಕಿರಿಯರು ಅನುಮತಿ ಕೇಳದೆ ಬಳಸಿಕೊಳ್ಳಬಹುದು. ಮುಂದಿನ ಭಾನುವಾರ ಅದೇ ಊರಿನ ಶಾಲೆಯ ಅಂಗಳದಲ್ಲಿ ಚಿತ್ರವನ್ನು ತೋರಿಸುತ್ತೇವೆ. ಸಮಯವನ್ನು ಡೈರಿಯ ಕಾರ್ಯದರ್ಶಿಗಳೇ ಗೊತ್ತುಮಾಡಿದ್ದಾರೆ: ಸಂಜೆಯ ಹಾಲು ಹಾಕುವುದು ಮುಗಿದ ಮೇಲೆ, ಎಂಟು ಗಂಟೆಗೆ. ಗುಮಾಸ್ತೆಯವರನ್ನು ಕರೆತರಲು ನಮ್ಮ ಛಾಯಾಗ್ರಾಹಕ ಮದ್ದೂರಿಗೆ ಬೈಕಿನಲ್ಲಿ ಹೋಗುತ್ತಾನೆ. ಫಿಟ್ಟರ್ ಅಣ್ಣ ಮಾತ್ರ, ತಮ್ಮ ಪಾತ್ರ ಮಾಡಿರುವವನು ಸ್ಪ್ಯಾನರ್ ಹಿಡಿದಿರುವ ರೀತಿಯನ್ನು ನೋಡಿದ ಮೇಲೆಯೇ ತಮ್ಮ ಅಭಿಪ್ರಾಯ ಹೇಳುವುದಾಗಿ ತಿಳಿಸಿದ್ದಾರೆ.