ಪಿಎಚ್‌ಡಿ ಮುಗಿಯಿತು, ಈಗ ಋಣದ ಲೆಕ್ಕ

ಅಂತೂ ಪಿಎಚ್‌ಡಿ ಮುಗಿಯಿತು. ಫೋನು, ಮೆಸೇಜು ಮಾಡಿ ಹರಸಿದ ಎಲ್ಲರಿಗೂ ನಮಸ್ಕಾರ. "ಅಷ್ಟು ವರ್ಷ ಅದೇನಮ್ಮಾ ಓದಿದ್ದು?" ಎಂದು ಕೇಳಿದವರೇ ಜಾಸ್ತಿ. ಥ್ಯಾಂಕ್ಸ್ ಹೇಳುತ್ತಾ ಅದನ್ನೂ ಹೇಳಿಬಿಡುತ್ತೇನೆ.

ಅಮೆರಿಕದ ಸರ್ಕಾರಿ ಕಾಡು, ಮರುಭೂಮಿಗಳಲ್ಲಿ ಸೈನಿಕರ ಸ್ಮಾರಕಗಳಿವೆ. ಅವನ್ನು ಅಲ್ಲಿ ಇಡಲು, ಉಳಿಸಲು ಎಂಥ ಕಾನೂನು ಬೇಕು ಎನ್ನುವುದೇ ನನ್ನ ವಿಷಯ. ಮೊದಲ ಋಣ ನನ್ನ ಗೈಡ್ ಮೇಡಂಗೆ. ನಾನು ತೀರ್ಪುಗಳ ರಾಶಿ ಹೊತ್ತು ಹೋದಾಗ ಅವರು ಹೇಳಿದ್ದು ಇಷ್ಟೇ: "ಅದೆಲ್ಲ ಆಮೇಲೆ. ಮೊದಲು ಜಮೀನು ಯಾರದ್ದು ನೋಡು." ಇಡೀ ಪ್ರಬಂಧ ನಿಂತಿರುವುದು ಆ ಮಾತಿನ ಮೇಲೆ.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಸನ್‌ರೈಸ್ ರಾಕ್ ಎಂಬ ಬಂಡೆ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಮಾಜಿ ಸೈನಿಕರು 1934ರಲ್ಲಿ ಅಲ್ಲೊಂದು ಶಿಲುಬೆ ನೆಟ್ಟರು. ಜಾಗ ಸರ್ಕಾರದ್ದು. 1999ರಲ್ಲಿ ಅಲ್ಲೇ ಹತ್ತಿರ ಬೌದ್ಧ ಸ್ತೂಪ ಕಟ್ಟುತ್ತೇವೆ ಎಂದವರಿಗೆ ಅನುಮತಿ ಸಿಗಲಿಲ್ಲ. ಸರ್ಕಾರ ಯಾವ ಧರ್ಮದ ಪರವೂ ನಿಲ್ಲಬಾರದು ಎನ್ನುತ್ತದೆ ಅಲ್ಲಿನ ಸಂವಿಧಾನ; ಹಾಗಿದ್ದರೆ ಸರ್ಕಾರಿ ಜಾಗದಲ್ಲಿ ಶಿಲುಬೆ ಹೇಗೆ ಎಂದು 2001ರಲ್ಲಿ ಕೇಸು ಬಿತ್ತು. ಕೇಸು ನಡೆಯುವಾಗ ಶಿಲುಬೆಗೆ ಪ್ಲೈವುಡ್ ಪೆಟ್ಟಿಗೆ ಹೊದಿಸಿದರು. ಹಳೆಯದರ ಜಾಗದಲ್ಲಿ 1998ರಲ್ಲಿ ಹೊಸದಾಗಿ ನಿಲ್ಲಿಸಿದ್ದ ಶಿಲುಬೆ ಅದು. ನಾಲ್ಕಿಂಚಿನ ಪೈಪು, ಬಿಳಿ ಪೇಂಟು. ನಮ್ಮೂರಲ್ಲಿ ಗೇಟು ಮಾಡುವವರು ಮಧ್ಯಾಹ್ನದೊಳಗೆ ವೆಲ್ಡ್ ಮಾಡಿಕೊಟ್ಟಾರು. ಅದಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋದರು!

ಸಂಸತ್ತು 2003ರಲ್ಲೇ ಒಂದು ದಾರಿ ಹುಡುಕಿತ್ತು. ಶಿಲುಬೆ ಇರುವ ಒಂದು ಎಕರೆ ಮಾಜಿ ಸೈನಿಕರ ಸಂಘಕ್ಕೆ, ಅದಕ್ಕೆ ಬದಲಾಗಿ ಬೇರೆ ಕಡೆ ಐದು ಎಕರೆ ಖಾಸಗಿ ಜಮೀನು ಸರ್ಕಾರಕ್ಕೆ. ಕೆಳಗಿನ ಕೋರ್ಟುಗಳು ಈ ಅದಲುಬದಲನ್ನು ತಡೆದವು. 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಲ್ಲಿ ಆ ತಡೆ ತೆಗೆದು ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ಎರಡು ವಾರ ಕಳೆಯುವುದರೊಳಗೆ ಶಿಲುಬೆಯನ್ನೇ ಯಾರೋ ಕದ್ದರು. ಕೊನೆಗೆ ರಾಜಿಯಾಗಿ, 2012ರ ನವೆಂಬರ್ 11ರಂದು ಹೊಸದನ್ನು ಅದೇ ಬಂಡೆಯ ಮೇಲೆ ನಿಲ್ಲಿಸಿದರು. ಸ್ಮಾರಕ ಸರಿಯಲಿಲ್ಲ, ಅದರ ಕೆಳಗಿನ ನೆಲದ ಖಾತೆ ಬದಲಾಯಿತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು. ವಿಯೆಟ್ನಾಂ ಯುದ್ಧ ಕಂಡವರು. ಬಂಡೆಯ ಮುಂದೆ ಟೋಪಿ ತೆಗೆದು ನಿಂತರು. ಆಮೇಲೆ ಕಾರು ಹತ್ತುವಾಗ ಕೇಳಿದರು: "ನನ್ನ ಪಕ್ಕದಲ್ಲೇ ಸತ್ತ ಹುಡುಗ ಯಹೂದಿ. ಇದು ಅವನಿಗೂ ಸೇರಿದ್ದಾ?" ಜಮೀನು ಕೈಬದಲಾದರೆ ಕೇಸು ಮುಗಿಯುತ್ತದೆ, ಈ ಪ್ರಶ್ನೆ ಮುಗಿಯುವುದಿಲ್ಲ. ಪ್ರಬಂಧದ ಕೊನೆಯ ಅಧ್ಯಾಯ ಹುಟ್ಟಿದ್ದೇ ಅಲ್ಲಿ. ಸರ್, ನಿಮ್ಮ ಋಣ ತೀರಿಸಲಾರೆ.

ಕಾಡಿನ ಅಧ್ಯಾಯಕ್ಕೆ ಲೈಬ್ರರಿಯ ಸಿಬ್ಬಂದಿಗೆ ಥ್ಯಾಂಕ್ಸ್. ಮೊಂಟಾನಾದ ಫ್ಲಾಟ್‌ಹೆಡ್ ರಾಷ್ಟ್ರೀಯ ಅರಣ್ಯದಲ್ಲಿ, ಹಿಮದ ಇಳಿಜಾರಿನ ಪಕ್ಕ, ಹತ್ತನೇ ಮೌಂಟನ್ ಡಿವಿಷನ್‌ನ ಸೈನಿಕರ ನೆನಪಿಗೆಂದು ಏಸುವಿನ ಪ್ರತಿಮೆ ಇದೆ. ಅದಕ್ಕೆ ಅರಣ್ಯ ಇಲಾಖೆ ಕೊಟ್ಟಿದ್ದು 25 ಅಡಿ ಉದ್ದ, 25 ಅಡಿ ಅಗಲದ ಜಾಗ, ಅದೂ ಪರ್ಮಿಟ್ ಮೇಲೆ. ಸ್ಕೀ ಆಡುವವರು ಅದಕ್ಕೆ ಮಣಿಸರ ಹಾಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಹಾದುಹೋಗುವಾಗ ಕೈಗೆ ಕೈ ತಟ್ಟುತ್ತಾರೆ. ಜನ ಅದನ್ನು ಬರೀ ದೇವರಂತೆ ನೋಡುತ್ತಿಲ್ಲ ಎನ್ನಲು 2015ರಲ್ಲಿ ಮೇಲ್ಮನವಿ ಕೋರ್ಟು ಇದನ್ನೂ ಎತ್ತಿಕೊಂಡಿತು. ಪ್ರತಿಮೆ ಉಳಿಯಿತು. ನನಗೇನೋ ಈ ವಾದ ಪೂರ್ತಿ ಒಪ್ಪಿಗೆಯಾಗಿಲ್ಲ. ಬೇಕಾದರೆ ಜಗಳಕ್ಕೆ ಬನ್ನಿ.

ಮಗು ಹುಟ್ಟಿದ ವರ್ಷ ಎಲ್ಲ ಬಿಟ್ಟುಬಿಡೋಣ ಅನ್ನಿಸಿತ್ತು. ಆಗ ಹಾಸನದಿಂದ ಅತ್ತೆ ಬಂದರು. ಮಗುವಿಗೆ ರಾಗಿ ಸರಿ ತಿನ್ನಿಸುತ್ತಾ ನನ್ನ ಅಧ್ಯಾಯಗಳನ್ನೂ ಕೇಳಿಸಿಕೊಂಡರು. "ಒಂದು ಎಕರೆಗೆ ಐದು ಎಕರೆ ಬಿಟ್ಟುಕೊಟ್ಟರಾ? ನೀರಿತ್ತೇನೇ ಆ ಜಮೀನಿಗೆ?" ಎಂದರು. ಪರೀಕ್ಷಕರು ಯಾರೂ ಇದನ್ನು ಕೇಳಲಿಲ್ಲ. ಅತ್ತೆ ಇಲ್ಲದಿದ್ದರೆ ಈ ಪದವಿ ಇಲ್ಲ, ಅಷ್ಟೇ. ನಮ್ಮ ಯಜಮಾನರಿಗೆ ಬೇರೆ ಹೇಳುವುದಿಲ್ಲ, ಮನೆಯಲ್ಲೇ ಹೇಳಿ ಆಗಿದೆ.

ಪಿಡಿಎಫ್ ಬೇಕಾದವರು ಮೆಸೇಜ್ ಮಾಡಿ. ಮೂರನೇ ಅಧ್ಯಾಯದಿಂದ ಶುರು ಮಾಡಿ. ಮೊದಲೆರಡು ಪರೀಕ್ಷಕರಿಗೋಸ್ಕರ ಬರೆದದ್ದು.