ಆ ರಾತ್ರಿ ಜೊತೆಗೆ ಕೂತವರಿಗೆ

ಎಲ್ಲರಿಗೂ ನಮಸ್ಕಾರ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾಯಿತು. ನಿನ್ನೆ ಗೇಟಿನ ತನಕ ನಡೆದು ಹೋಗಿ, ಮೊಳಕ್ಕೆ ಐದು ರೂಪಾಯಿ ಜಾಸ್ತಿ ಕೇಳಿದ್ದಕ್ಕೆ ಹೂವಿನವಳ ಜೊತೆ ಜಗಳ ಆಡಿ ಬಂದಳಂತೆ. ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು. ಏನಾಗಿತ್ತು, ಯಾವ ಆಪರೇಷನ್ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಕೆದಕುವುದಿಲ್ಲ.

ಆಗ ನಾನು ಮೈಸೂರಿನಲ್ಲೂ ಇರಲಿಲ್ಲ, ಮೈನ್ಸ್‌ನ ನನ್ನ ಮನೆಯಲ್ಲೂ ಇರಲಿಲ್ಲ. ಫ್ರಾನ್ಸಿನ ದಿಜೋನ್‌ನಲ್ಲಿದ್ದೆ. ಜರ್ಮನಿಯ ನಮ್ಮ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯಕ್ಕೂ ದಿಜೋನ್ ಇರುವ ಬರ್ಗಂಡಿ ಪ್ರಾಂತ್ಯಕ್ಕೂ 1962ರಿಂದ ನಂಟು. ಜರ್ಮನಿ, ಫ್ರಾನ್ಸ್ ಸರ್ಕಾರಗಳು ಪ್ಯಾರಿಸ್‌ನಲ್ಲಿ ಸ್ನೇಹದ ಒಪ್ಪಂದಕ್ಕೆ ರುಜು ಹಾಕಿದ್ದು 1963ರ ಜನವರಿಯಲ್ಲಿ. ಇವರು ಅದಕ್ಕೂ ಮುಂಚೆಯೇ ಬೀಗರಾಗಿ ಓಡಾಡಿಕೊಂಡಿದ್ದರು. ಮೈನ್ಸ್ ಮತ್ತು ದಿಜೋನ್ ವಿಶ್ವವಿದ್ಯಾಲಯಗಳು 1978ರಿಂದ ಜಂಟಿಯಾಗಿ ನಡೆಸುವ ಕೋರ್ಸಿನಲ್ಲಿ ಓದಿದವಳು ನಾನು. ಹಾಗಾಗಿ ಅಧಿಕೃತ ನಿಯೋಗ ಹೊರಟಿತೆಂದರೆ ದುಭಾಷಿ ಕೆಲಸಕ್ಕೆ ನನಗೂ ಕರೆ ಬರುತ್ತದೆ. ದುಭಾಷಿ ಅನ್ನುವುದು ಹೆಸರಿಗೆ. ಬಸ್ಸಿನಲ್ಲಿ ತಲೆ ಎಣಿಸುವುದು, ಬಿಪಿ ಮಾತ್ರೆ ಮರೆತು ಬಂದವರನ್ನು ಔಷಧಿ ಅಂಗಡಿಗೆ ಕರೆದುಕೊಂಡು ಹೋಗುವುದು, ಎಲ್ಲ ನಮ್ಮದೇ.

ಮೊದಲ ಸಂಜೆ ಸ್ವಾಗತ ಕೂಟದಲ್ಲಿ ಕೀರ್ ಕೊಟ್ಟರು. ಬಿಳಿ ವೈನಿಗೆ ಕಪ್ಪು ಕರಂಟ್ ಹಣ್ಣಿನ ಮದ್ಯ ಬೆರೆಸಿದ್ದು. ಆ ಹೆಸರು ಬಂದದ್ದು ಫೆಲಿಕ್ಸ್ ಕೀರ್ ಎಂಬ ಪಾದ್ರಿಯಿಂದ. 1945ರಿಂದ 1968ರಲ್ಲಿ ತೀರಿಹೋಗುವವರೆಗೂ ದಿಜೋನ್‌ನ ಮೇಯರ್ ಆಗಿದ್ದವರು. ಜರ್ಮನ್ ಸೇನೆ ಊರು ಹಿಡಿದಿದ್ದಾಗ ಕೈದಿಗಳನ್ನು ತಪ್ಪಿಸಿ ಕಳಿಸಿದವರು, 1944ರಲ್ಲಿ ಗುಂಡೇಟು ತಿಂದೂ ಬದುಕಿದವರು. ಅವರೇ ಮೇಯರ್ ಆಗಿದ್ದಾಗ, 1958ರಲ್ಲಿ, ದಿಜೋನ್ ಮೈನ್ಸ್ ಜೊತೆ ಜೋಡಿನಗರವಾಯಿತು. ಈ ಕಥೆಯನ್ನು ಎಷ್ಟು ಸಲ ಜರ್ಮನ್‌ಗೆ ಅನುವಾದಿಸಿದ್ದೇನೋ, ಗಿಳಿಪಾಠ. ಅವತ್ತೂ ಅದನ್ನೇ ಒಪ್ಪಿಸುತ್ತಿದ್ದೆ. ಆಗ ಅಕ್ಕನ ಫೋನ್ ಬಂತು.

ಅಲ್ಲಿಂದಾಚೆಗೆ ಉಪಕಾರ ಮಾಡಿದವರು ಬಹಳ ಜನ: ನಡುರಾತ್ರಿ ಕಾರು ತೆಗೆದ ಪಕ್ಕದ ಮನೆ ಅಂಕಲ್, ರಕ್ತಕ್ಕೆ ಓಡಾಡಿದ ಅಣ್ಣನ ಗೆಳೆಯರು, ಮಾರನೇ ದಿನ ನನ್ನ ಮೈಕು ತೆಗೆದುಕೊಂಡು ಕೆಲಸ ನಡೆಸಿದ ಸಹೋದ್ಯೋಗಿ, ಟಿಕೆಟ್ ಮಾಡಿಸಿಕೊಟ್ಟ ನಿಯೋಗದ ಅಧಿಕಾರಿಗಳು, ಜರ್ಮನಿಯ ನಮ್ಮ ಕನ್ನಡದ ಗೆಳೆಯರು. ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ.

ಆದರೆ ಇದನ್ನು ಬರೆಯುತ್ತಿರುವುದು ಕನ್ನಡ ಓದಲು ಬಾರದ ಒಬ್ಬರಿಗಾಗಿ. ಹೋಟೆಲಿನಲ್ಲಿ ರೂಮು ಸಾಲದೆ ನಮ್ಮಲ್ಲಿ ಮೂವರನ್ನು ಅಲ್ಲಿನವರ ಮನೆಗಳಿಗೆ ಹಂಚಿದ್ದರು. ನಾನು ಹೋದದ್ದು ಎಪ್ಪತ್ತು ದಾಟಿದ, ಒಬ್ಬರೇ ಇರುವ ಹೆಂಗಸಿನ ಮನೆಗೆ. ಮೂವತ್ತು ವರ್ಷದಿಂದ ಜರ್ಮನ್ ಅತಿಥಿಗಳನ್ನು ಇಟ್ಟುಕೊಂಡಿದ್ದಾರೆ, ಒಂದು ಜರ್ಮನ್ ಪದ ಕಲಿತಿಲ್ಲ. ನಾನು ಒಳಗೆ ಬಂದ ಮುಖ ನೋಡಿ ಏನೂ ಕೇಳಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಯಾವುದೋ ಸೊಪ್ಪಿನ ಕಷಾಯ ಕಾಯಿಸಿ ಮುಂದಿಟ್ಟು, ಎದುರಿಗೆ ತಾವೂ ಕೂತರು.

ಮಲಗಿ ಅಂದೆ. ಅವರ ಅಪ್ಪ ಐದು ವರ್ಷ ಜರ್ಮನಿಯಲ್ಲಿ ಯುದ್ಧಕೈದಿಯಾಗಿದ್ದರಂತೆ. ಅವರಮ್ಮ ಕಾಗದಕ್ಕೆ ಕಾದದ್ದು ಇದೇ ಅಡುಗೆಮನೆಯಲ್ಲಿ. "ಕಾಯುವುದು ಈ ಮನೆಗೆ ಗೊತ್ತಿರುವ ಕೆಲಸ," ಅಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ನಾನು ಅಕ್ಕನಿಗೆ ಗಳಿಗೆಗೊಂದು ಸಲ ಫೋನ್ ಮಾಡುತ್ತಿದ್ದೆ. "ಆಯ್ತಾ?" "ಇನ್ನೂ ಇಲ್ಲ ಕಣೇ." ಎರಡು ಗಂಟೆ ಹೊತ್ತಿಗೆ ನನಗೇ ತಿಳಿಯದೆ ಅವರ ಹತ್ತಿರವೂ ಕನ್ನಡದಲ್ಲೇ ಮಾತಾಡತೊಡಗಿದ್ದೆ. ನಾಲ್ಕು ವರ್ಷದಿಂದ ಊರಿಗೆ ಹೋಗಿಲ್ಲ, ಹೋದ ವರ್ಷ ಟಿಕೆಟ್ ಮಾಡಿಸಿ ರದ್ದು ಮಾಡಿದ್ದೆ, ಕೆಲಸ ಇತ್ತು, ಅಮ್ಮ ಆಗಲಿ ಬಿಡು ಅಂದಿದ್ದಳು. ಹೇಳಿದ್ದನ್ನೇ ಹೇಳಿ ಹೇಳಿ ಅತ್ತೆ. ಅವರು ಒಂದೊಂದು ಮಾತಿಗೂ ತಲೆಯಾಡಿಸಿದರು. ಮೂರು ಭಾಷೆ ಮಾರಿ ಹೊಟ್ಟೆ ಹೊರೆಯುವವಳಿಗೆ ಅವತ್ತು ಅನುವಾದ ಬೇಕಾಗಲಿಲ್ಲ.

ಮೂರು ಮುಕ್ಕಾಲಕ್ಕೆ ಫೋನ್ ಬಂತು. ಅಕ್ಕ "ಆಯ್ತು ಕಣೇ" ಅಂದು ಸುಮ್ಮನಾದಳು. ಆ ಪದ ಎಷ್ಟು ಕೆಟ್ಟದ್ದಾಗಬಲ್ಲದು ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. ಒಂದು ಉಸಿರಿನ ನಂತರ "ಚೆನ್ನಾಗಿದ್ದಾಳೆ" ಅಂದಳು. ನಾನು ಬಾಯಿ ಬಿಡುವ ಮೊದಲೇ ಇವರು ಎದ್ದು ನಿಂತಿದ್ದರು. "ಆಯ್ತು?" ಅಂದರು. ರಾತ್ರಿಯಿಡೀ ಕೇಳಿ ಕೇಳಿ ಆ ಒಂದು ಪದವನ್ನು ಹಿಡಿದಿಟ್ಟುಕೊಂಡಿದ್ದರು.

ಫ್ರೆಂಚಿನಲ್ಲೂ ನಮ್ಮ ಹಾಗೆ ನೀನು, ನೀವು ಬೇರೆ ಬೇರೆ. ಸಂಜೆ ನನ್ನನ್ನು ಬಹುವಚನದಲ್ಲಿ ಬರಮಾಡಿಕೊಂಡವರು ಬೆಳಗಾಗುವಷ್ಟರಲ್ಲಿ ಏಕವಚನಕ್ಕೆ ಬಂದಿದ್ದರು. "ಹೋಗಿ ಮಲಕ್ಕೋ, ಎಬ್ಬಿಸ್ತೀನಿ," ಅಂದರು. ಎಬ್ಬಿಸಿದರು ಕೂಡ, ಕಾಫಿ ಹಿಡಿದು. ನಾನು ಈಗಲೂ ಅವರಿಗೆ ನೀವು ಅಂತಲೇ ಅನ್ನುವುದು.

ಅಕ್ಟೋಬರ್‌ನಲ್ಲಿ ಬರ್ಗಂಡಿಯವರು ಮೈನ್ಸ್‌ಗೆ ಬರುತ್ತಿದ್ದಾರೆ. ಪಟ್ಟಿಯಲ್ಲಿ ಅವರ ಹೆಸರೂ ಇದೆ. ಹೋಟೆಲ್ ಬೇಡ, ನಮ್ಮ ಮನೆಯಲ್ಲೇ ಇಳಿಸಿಕೊಳ್ಳುತ್ತೇನೆ ಅಂತ ಬರೆದು ಕಳಿಸಿದ್ದೇನೆ. ಬಿಸಿಬೇಳೆಬಾತಿಗೆ ಖಾರ ಎಷ್ಟು ಹಾಕಬೇಕು ಅಂತ ಅಮ್ಮ ಈಗಲೇ ಫೋನಿನಲ್ಲಿ ಪಂಚಾಯಿತಿ ಶುರು ಮಾಡಿದ್ದಾಳೆ. ಸಾರಿನ ಪುಡಿ ಮೈಸೂರಿನಿಂದಲೇ ಬರುತ್ತದಂತೆ.